ಮೇಲಿನಿಂದ ಬಂದ ಗುಂಡು: ಬಾದಾಮಿಯ ಕೋಟೆಯೂ ಮಾರ್ಟರ್ ತೋಪಿನ ಚರಿತ್ರೆಯೂ



ಸೈನ್ಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯ ಮೇಲೆ ಊರಿಗೆ ಬಂದಾಗ ಒಂದು ಪ್ರಶ್ನೆ ಕೇಳಿದ. “ಸರ್, ಶಾಲ್ಯಾಗ ತೋಪು, ಫಿರಂಗಿ ಅಂತ ಓದಿದ್ವಿ. ನಾನು ಈಗ ಪಲ್ಟನ್ನಿನ ಮಾರ್ಟರ್ ತುಕಡ್ಯಾಗ ಅದೀನಿ. ನಮ್ಮ ಕಡಿ ಕೋಟಿಗಳ ಯುದ್ಧದಾಗ ಇಂಥಾದ್ದು ಇತ್ತೇನ್ರಿ?” ಪಠ್ಯಪುಸ್ತಕಗಳಲ್ಲಿ ಈ ಆಯುಧಕ್ಕೆ ಸ್ಥಳವಿಲ್ಲ. ಆದರೆ ಕೋಟೆಕೊತ್ತಲಗಳ ನಾಡಿನಲ್ಲಿ ಹುಟ್ಟಿದ ನಮಗೆ, ಕೋಟೆಗಳ ಕಾಲವು ಏಕೆ ಮುಗಿಯಿತೆಂಬುದನ್ನು ತಿಳಿಯಬೇಕಾದರೆ ಈ ಆಯುಧದ ಮತ್ತು ಅದರ ಗುಂಡಿನ ಚರಿತ್ರೆಯನ್ನು ತಿಳಿಯಲೇಬೇಕು. ಅದಕ್ಕಾಗಿ ಈ ಲೇಖನ.

ಮೊದಲು ಬಾದಾಮಿಗೆ ಹೋಗೋಣ. ಅಗಸ್ತ್ಯತೀರ್ಥದ ಉತ್ತರದ ಬೆಟ್ಟದ ಬಂಡೆಯೊಂದರ ಮೇಲೆ ಚಾಲುಕ್ಯ ದೊರೆ ಒಂದನೆಯ ಪುಲಕೇಶಿಯ ಶಾಸನವಿದೆ. ಶಕವರ್ಷ 465, ಅಂದರೆ ಕ್ರಿ.ಶ. 543. ವಾತಾಪಿಯ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಶತ್ರುಗಳಿಗೆ ಅಜೇಯವಾಗುವಂತೆ ದುರ್ಗವನ್ನಾಗಿ ಮಾಡಿದನೆಂಬುದು ಅದರ ತಾತ್ಪರ್ಯ. ಈ ಎರಡು ದಿಕ್ಕುಗಳ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿರಿ. ಕೋಟೆ ಎಂದರೆ ಸುತ್ತಲಿನ ಗೋಡೆಯೆಂದು ನಾವು ಭಾವಿಸುತ್ತೇವೆ. ಪುಲಕೇಶಿಯ ಸ್ಥಪತಿಗಳಾದರೋ ಮೇಲನ್ನೂ ಕೆಳಗನ್ನೂ ಯೋಚಿಸಿದ್ದರು. ಕೆಳಗೆ ಕಡಿದಾದ ಬಂಡೆ. ಮೇಲೆ ಹಕ್ಕಿಯ ಹೊರತು ಯಾರೂ ಬರಲಾಗದ ಆಕಾಶ.

ಮದ್ದಿನ ಕಾಲಕ್ಕೆ ಮೊದಲೇ ಈ ಅಜೇಯ ದುರ್ಗ ಒಮ್ಮೆ ಬಿದ್ದಿತ್ತು. 642ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಆದರೆ ಅದು ಮನುಷ್ಯರು ಮನುಷ್ಯರನ್ನು ಗೆದ್ದ ಕಥೆ. ಬಂಡೆಯೂ ಗೋಡೆಯೂ ತಮ್ಮ ಕೆಲಸವನ್ನು ಮರೆತಿರಲಿಲ್ಲ. ಚಾಲುಕ್ಯರು ಮರಳಿ ಬಂದರು. ಕೋಟೆ ಮತ್ತೆ ಅವರದಾಯಿತು. ಗೋಡೆಯ ಬೆಲೆಯನ್ನೇ ಕೆಡಿಸಿದ ವಸ್ತು ಬಂದದ್ದು ಇನ್ನೂ ಎಂಟುನೂರು ವರ್ಷಗಳ ತರುವಾಯ. ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರನ್ನು ಸುಮಾರು 75, 10, 15ರ ಪ್ರಮಾಣದಲ್ಲಿ ಅರೆದು ಬೆರೆಸಿದ ಕರಿಯ ಪುಡಿಯೇ ಮದ್ದು.

ಕೆಳಗಿನಿಂದ

ಪುಲಕೇಶಿ ಹೇಳಿದ ಎರಡು ದಿಕ್ಕುಗಳಲ್ಲಿ ಮೊದಲು ಮುರಿದದ್ದು ಕೆಳಗಿನ ದಿಕ್ಕು. 1472–73ರಲ್ಲಿ ಬಹಮನಿ ಸುಲ್ತಾನ ಮೂರನೆಯ ಮಹಮ್ಮದ್ ಶಹನೂ ಅವನ ಪ್ರಧಾನಿ ಮಹಮೂದ್ ಗವಾನನೂ ನಮ್ಮ ನೆರೆಯ ಬೆಳಗಾವಿಯ ಕೋಟೆಯನ್ನು ಮುತ್ತಿದರು. ಕೋಟೆಗೋಡೆಯ ಬುಡದಲ್ಲಿ ಸುರಂಗವನ್ನು ತೋಡಿ, ಮದ್ದು ತುಂಬಿ ಹಾರಿಸಿದರು. ದಖ್ಖನಿನಲ್ಲಿ ಅದುವರೆಗೆ ಜನ ಇದನ್ನು ಕಂಡಿರಲಿಲ್ಲವೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಶತ್ರುವಿನ ಏಣಿ, ಆನೆ, ಕವಣೆಕಲ್ಲುಗಳನ್ನು ತಡೆದಿದ್ದ ಗೋಡೆ ತನ್ನ ಕಾಲಡಿಯ ನೆಲವೇ ಸಿಡಿದಾಗ ಏನು ಮಾಡೀತು?

ಆದರೂ ಬಾದಾಮಿಯಂಥ ಬಂಡೆಗಲ್ಲಿನ ದುರ್ಗಕ್ಕೆ ಈ ಭಯ ಅಷ್ಟಾಗಿ ಇರಲಿಲ್ಲ. ಮಣ್ಣಿನಲ್ಲಿ ತೋಡಿದಂತೆ ಬೆಟ್ಟದ ಬಂಡೆಯಲ್ಲಿ ಸುರಂಗ ತೋಡಲಾಗದು. ಅಂಥ ಕೋಟೆಗೆ ನಿಜವಾದ ಗಂಡಾಂತರ ಬರಬೇಕಾದದ್ದು ಮೇಲಿನಿಂದ.

ಒಳ್ಳು, ಹಂಡೆ, ಗರನಾಳ

ಸಾಮಾನ್ಯ ತೋಪಿನ ಕೊಳವೆ ಉದ್ದವಾಗಿರುತ್ತದೆ. ಅದರ ಗುಂಡು ಹೆಚ್ಚುಕಡಿಮೆ ನೇರವಾಗಿ ಹೋಗಿ ಗೋಡೆಗೆ ಅಪ್ಪಳಿಸುತ್ತದೆ. ಗೋಡೆಯ ಹಿಂದೆ ಕುಳಿತವನನ್ನು ಅದು ಮುಟ್ಟಲಾರದು. ಮೊದಲು ಗೋಡೆಯನ್ನು ಕೆಡವಬೇಕು. ಮಾರ್ಟರ್ ಹಾಗಲ್ಲ. ಅದರ ಕೊಳವೆ ಗಿಡ್ಡ, ಬಾಯಿ ಅಗಲ, ಮುಖ ಆಕಾಶದ ಕಡೆಗೆ. ಅದು ಗೋಡೆಯನ್ನು ಒಡೆಯುವ ತೋಪಲ್ಲ, ಗೋಡೆಯನ್ನು ದಾಟಿಸುವ ತೋಪು.

ಹೆಸರುಗಳನ್ನು ನೋಡಿದರೆ ಇದರ ಆಕಾರ ಕಣ್ಣಿಗೆ ಕಟ್ಟುತ್ತದೆ. ಇಂಗ್ಲಿಷಿನ ಮಾರ್ಟರ್ ಎಂಬ ಶಬ್ದಕ್ಕೆ ಮೂಲಾರ್ಥ ಕುಟ್ಟುವ ಒರಳು, ನಮ್ಮ ಕಡೆಯ ಮಾತಿನಲ್ಲಿ ಒಳ್ಳು. ಮೊಗಲರ ಸೈನ್ಯದಲ್ಲಿ ಇದಕ್ಕೆ ‘ದೇಗ್’ ಎಂದರು, ಅಂದರೆ ಅಡುಗೆಯ ಹಂಡೆ. ಮರಾಠಿಯಲ್ಲಿ ಅಗಲ ಬಾಯಿಯ ತೋಪಿಗೆ ‘ಗರನಾಳ’ ಎಂಬ ಹೆಸರಿದೆ. ನಮ್ಮ ಕರಾವಳಿಯವರು ದೊಡ್ಡ ಸದ್ದಿನ ಸಿಡಿಮದ್ದಿಗೆ ಇಂದಿಗೂ ಗರ್ನಾಲು ಎನ್ನುತ್ತಾರೆ. ಅಡುಗೆಮನೆಯ ಪಾತ್ರೆಗಳ ಹೆಸರನ್ನು ಹೊತ್ತ ಈ ಆಯುಧ ಅಡುಗೆಮನೆಯ ಮಾಡಿನ ಮೇಲೆಯೇ ಬೀಳುವಂಥದ್ದಾಯಿತೆಂಬುದು ಚರಿತ್ರೆಯ ಕ್ರೂರ ವಿನೋದ.

1453ರಲ್ಲಿ ತುರ್ಕರ ಸುಲ್ತಾನ ಎರಡನೆಯ ಮೆಹಮದನು ಕಾನ್‌ಸ್ಟಾಂಟಿನೋಪಲನ್ನು ಮುತ್ತಿದಾಗ, ನಡುವೆ ಇದ್ದ ಗಲಾಟಾ ಪಟ್ಟಣದ ಗೋಡೆಗಳ ಮೇಲಿಂದ ಗುಂಡನ್ನು ಹಾಯಿಸಿ ಆಚೆಯ ಬಂದರಿನಲ್ಲಿದ್ದ ಹಡಗುಗಳ ಮೇಲೆ ಬೀಳುವಂತೆ ಮಾಡಿದನು. 1537ರಲ್ಲಿ ಇಟಲಿಯ ಗಣಿತಜ್ಞ ತಾರ್ತಾಲಿಯಾ, ತೋಪನ್ನು 45 ಅಂಶ ಎತ್ತಿದಾಗ ಗುಂಡು ಅತಿ ದೂರ ಹೋಗುವುದೆಂದು ಬರೆದನು. ಚೆಂಡನ್ನು ಎಸೆದು ಆಡಿದ ಹುಡುಗರಿಗೆಲ್ಲ ಇದು ಗೊತ್ತು. 45 ಅಂಶಕ್ಕಿಂತ ಹೆಚ್ಚು ಎತ್ತಿ ಎಸೆದರೆ ಚೆಂಡು ದೂರ ಕಡಿಮೆ ಹೋಗುತ್ತದೆ. ಆದರೆ ಮರದ ಮೇಲಿಂದ ಹಾಯ್ದು ಆಚೆ ಕಡೆ ಕಡಿದಾಗಿ ಬೀಳುತ್ತದೆ. ಮಾರ್ಟರಿನ ವಿದ್ಯೆಯೆಲ್ಲ ಇಷ್ಟೇ. 1674ರಲ್ಲಿ ಡಚ್ಚರ ಕೋಟೆ ಇಂಜಿನಿಯರ್ ಕೂಹೋರ್ನ್ ಎಂಬವನು ಗ್ರಾವೆ ಎಂಬ ಪಟ್ಟಣದ ಮುತ್ತಿಗೆಯಲ್ಲಿ, ಕೆಲವೇ ಆಳುಗಳು ಹೊತ್ತು ಒಯ್ಯಬಹುದಾದ ಸಣ್ಣ ಮಾರ್ಟರನ್ನು ಬಳಕೆಗೆ ತಂದನು. ಹೊತ್ತು ಒಯ್ಯುವ ತೋಪು ಎಂಬ ಈ ಕಲ್ಪನೆ ಎರಡೂವರೆ ಶತಮಾನಗಳ ನಂತರ ಫಲ ಕೊಟ್ಟಿತು. ಅದಕ್ಕೆ ಮುಂದೆ ಬರುತ್ತೇನೆ.

ಕೊಳವೆ ದೊಡ್ಡದೋ, ಗುಂಡು ದೊಡ್ಡದೋ?

ನಮ್ಮ ಕಡೆಯ ಜನ ತೋಪು ಎಂದೊಡನೆ ವಿಜಯಪುರದ ಮಲಿಕ್-ಇ-ಮೈದಾನವನ್ನು ನೆನೆಯುತ್ತಾರೆ. ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ನಿಂತವರು ನಿಮ್ಮಲ್ಲಿ ಅನೇಕರಿದ್ದೀರಿ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹುಸೇನ್ ರೂಮಿ ಎಂಬವನು ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. ಉದ್ದ ಹದಿನಾಲ್ಕು ಅಡಿಗಿಂತ ಸ್ವಲ್ಪ ಹೆಚ್ಚು. ಬಾಯಿಯ ಒಳವ್ಯಾಸ ಎರಡು ಅಡಿಗೂ ಮೀರಿದ್ದು. ಇಂಥ ತೋಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾದರೆ ನೂರಾರು ಎತ್ತುಗಳು ಬೇಕು. 1854ರಲ್ಲಿ ಇದನ್ನು ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯವಶಾತ್ ಆ ಮಾರಾಟ ರದ್ದಾಯಿತು.

ತೋಪಿನ ಗಾತ್ರ ನಮ್ಮ ಕಣ್ಣನ್ನು ತುಂಬುತ್ತದೆ. ಯುದ್ಧದ ಗತಿಯನ್ನು ಬದಲಿಸಿದ್ದು ಮಾತ್ರ ಬಹಳ ಸಲ ಅದರೊಳಗೆ ಇಟ್ಟ ವಸ್ತು. ಇದಕ್ಕೆ ಹುನಗುಂದ ಸೀಮೆಯ ಮಗ್ಗುಲಲ್ಲೇ ನಿದರ್ಶನವಿದೆ. ಕೂಡಲಸಂಗಮಕ್ಕೆ ಹೋದವರು ಹೊಳೆಯ ಆಚೆಗೆ, ನೀಲಾಂಬಿಕೆಯ ಐಕ್ಯಸ್ಥಳವಾದ ತಂಗಡಗಿಯನ್ನು ಕಂಡಿರುತ್ತೀರಿ. ರಕ್ಕಸಗಿ-ತಂಗಡಗಿ ಎಂಬ ಈ ಊರುಗಳ ಹೆಸರಿನಿಂದಲೇ 1565ರ ಜನವರಿ 23ರ ಮಹಾಯುದ್ಧವನ್ನು ನಾವು ಕರೆಯುತ್ತೇವೆ. ಕಾಳಗ ನಿಖರವಾಗಿ ಯಾವ ಬಯಲಿನಲ್ಲಿ ನಡೆಯಿತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಕೃಷ್ಣೆಯ ಈ ಭಾಗವೆಂಬುದರಲ್ಲಿ ಇಲ್ಲ.

ಫೆರಿಷ್ತಾ ಹೇಳುವಂತೆ ಆ ದಿನ ಅಹಮದನಗರದ ಹುಸೇನ್ ನಿಜಾಮ್ ಶಹನ ತೋಪುಗಳು ಆರುನೂರು. ಅವು ಮೂರು ಸಾಲಾಗಿ ನಿಂತಿದ್ದವು: ಮುಂದೆ ದೊಡ್ಡ ತೋಪುಗಳು, ನಡುವೆ ಸಣ್ಣವು, ಹಿಂದೆ ತಿರುಗುಗೂಟದ ಮೇಲಿನ ಜಂಬೂರಕಗಳು. ಇವುಗಳ ಮುಖ್ಯಸ್ಥ ಚಲಬಿ ರೂಮಿಖಾನ. ವಿಜಯನಗರದ ಪಡೆ ಒತ್ತಿ ಮುಂದೆ ಬಂದಾಗ ಅವನು ತೋಪುಗಳಲ್ಲಿ ಗುಂಡಿನ ಬದಲು ತಾಮ್ರದ ಕಾಸುಗಳ ಚೀಲಗಳನ್ನು ತುಂಬಿಸಿ ಹತ್ತಿರದಿಂದ ಹಾರಿಸಿದನು. ಒಂದು ಗುಂಡು ಒಂದು ಸಾಲನ್ನು ಸೀಳುತ್ತದೆ. ಚೀಲ ಹರಿದು ಚೆಲ್ಲಿದ ಕಾಸು ಇಡೀ ಗುಂಪನ್ನೇ ಕೊಯ್ಯುತ್ತದೆ. ಐದು ಸಾವಿರ ಜನ ಆ ಒಂದು ಹೊಡೆತಕ್ಕೆ ಸತ್ತರೆಂದು ಅವನ ಲೆಕ್ಕ. ಆ ಸಂಖ್ಯೆ ಹೆಚ್ಚಿನದೆನಿಸಿದರೂ ಸಂಗತಿ ಸ್ಪಷ್ಟವಾಗಿದೆ. ಅದೇ ತೋಪು, ಅದೇ ಮದ್ದು; ಬದಲಾದದ್ದು ತುಂಬಿದ ವಸ್ತುವೊಂದೇ.

ಬತ್ತಿಯ ಲೆಕ್ಕ

ಮಾರ್ಟರಿನ ಚರಿತ್ರೆಯಲ್ಲಿಯೂ ಇದೇ ನಡೆಯಿತು. ಮೊದಮೊದಲು ಅದರಿಂದ ಹಾರಿಸಿದ್ದು ಕಲ್ಲಿನ ಗುಂಡು. ಕಲ್ಲು ಮೇಲಿನಿಂದ ಬಿದ್ದರೆ ಒಂದು ಮಾಡು ಮುರಿದೀತು, ಒಬ್ಬಿಬ್ಬರು ಸತ್ತಾರು. ಅದನ್ನು ಭಯಾನಕವನ್ನಾಗಿ ಮಾಡಿದ್ದು ಟೊಳ್ಳು ಗುಂಡು. ಎರಕದ ಕಬ್ಬಿಣದ ಟೊಳ್ಳು ಗೋಲದಲ್ಲಿ ಮದ್ದು ತುಂಬಿ, ಅದರ ತೂತಿಗೆ ಮರದ ಬೆಣೆಯೊಂದನ್ನು ಬಡಿಯುತ್ತಿದ್ದರು. ಬೆಣೆಯೊಳಗೆ ನಿಧಾನವಾಗಿ ಉರಿಯುವ ಮಸಾಲೆ. ಅದೇ ಬತ್ತಿ.

ಇಳಕಲ್ಲಿನ ಕಡೆ ಕಲ್ಲಿನ ಕೆಲಸ ಕಂಡವರಿಗೆ, ಹೊಲದಲ್ಲಿ ಬಾವಿ ತೋಡಿಸಿದ ಹಿರಿಯರಿಗೆ ಬತ್ತಿಯ ವಿಷಯವನ್ನು ನಾನು ವಿವರಿಸಬೇಕಾಗಿಲ್ಲ. ಬಂಡೆಯಲ್ಲಿ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಓಡುವವನ ಪ್ರಾಣ ಆ ಬತ್ತಿಯ ಉದ್ದದಲ್ಲಿರುತ್ತದೆ. ತೋಪಿನವನ ಲೆಕ್ಕ ಇದರ ತಿರುವು ಮುರುವು. ಗುಂಡು ಆಕಾಶದಲ್ಲಿ ಎಷ್ಟು ಕ್ಷಣ ಇರುತ್ತದೆಂದು ಎಣಿಸಿ ಅಷ್ಟಕ್ಕೆ ಸರಿಯಾಗಿ ಬತ್ತಿಯನ್ನು ಕತ್ತರಿಸಬೇಕು. ಬತ್ತಿ ಗಿಡ್ಡವಾದರೆ ಗುಂಡು ಆಕಾಶದಲ್ಲಿಯೇ ಸಿಡಿಯುತ್ತದೆ. ಉದ್ದವಾದರೆ ಕೋಟೆಯೊಳಗೆ ಬಿದ್ದು ಹೊಗೆಯಾಡುತ್ತಿರುತ್ತದೆ; ಎದೆಗಾರನೊಬ್ಬ ಒದ್ದೆ ಗೋಣಿಚೀಲ ಎಸೆದು ಆರಿಸಬಹುದು. ಸರಿಯಾಗಿದ್ದರೆ ಬಿದ್ದೊಡನೆ ಸಿಡಿದು ಕಬ್ಬಿಣದ ಚೂರುಗಳು ಸುತ್ತಲೂ ಹಾರುತ್ತವೆ. ಮೊದಲಿಗೆ ಗುಂಡಿನ ಬತ್ತಿಗೆ ಒಮ್ಮೆ, ತೋಪಿನ ಮದ್ದಿಗೆ ಇನ್ನೊಮ್ಮೆ ಬೆಂಕಿ ಹಚ್ಚುತ್ತಿದ್ದರು. ತೋಪು ತಡಮಾಡಿದರೆ ಹಚ್ಚಿದವರ ಗತಿ ಮುಗಿಯಿತು. ಮುಂದೆ ತೋಪಿನ ಉರಿಯೇ ಬತ್ತಿಯನ್ನು ಹೊತ್ತಿಸುವುದೆಂದು ಕಂಡುಕೊಂಡು ಒಂದೇ ಬೆಂಕಿಗೆ ಬಂದರು. 19ನೆಯ ಶತಮಾನದಲ್ಲಿ, ನೆಲಕ್ಕೆ ತಾಗಿದೊಡನೆ ತಾನಾಗಿ ಸಿಡಿಯುವ ಮೊಳೆಯ ವ್ಯವಸ್ಥೆ ಬಂದು ಬತ್ತಿ ಕತ್ತರಿಸುವ ಲೆಕ್ಕ ಹಿಂದೆ ಸರಿಯಿತು.

ಬಾದಾಮಿ, 1786

ಈಗ ಮತ್ತೆ ಬಾದಾಮಿಗೆ ಬರೋಣ. 1778ರಲ್ಲಿ ಹೈದರ್ ಅಲಿ ಈ ಸೀಮೆಯನ್ನು ವಶಪಡಿಸಿಕೊಂಡಿದ್ದನು. ಅವನ ಮಗ ಟಿಪ್ಪುವಿನ ವಿರುದ್ಧ ಮರಾಠರೂ ಹೈದರಾಬಾದಿನ ನಿಜಾಮನೂ ಒಂದಾಗಿ 1786ರ ಮೇ ತಿಂಗಳಲ್ಲಿ ಬಾದಾಮಿಯನ್ನು ಮುತ್ತಿದರು. ಮರಾಠರ ಸೇನಾನಿ ಹರಿಪಂತ ಫಡಕೆ. ಕೋಟೆಯೊಳಗೆ ಟಿಪ್ಪುವಿನ ಸುಮಾರು ಮೂರೂವರೆ ಸಾವಿರ ಜನ. ಕೆಳಗೆ ಗೋಡೆ ಸುತ್ತಿದ ಪಟ್ಟಣ. ಮೇಲೆ ಎರಡು ಬೆಟ್ಟಗಳ ಮೇಲೆ ಎರಡು ಕೋಟೆ, ಉತ್ತರಕ್ಕೆ ಬಾವನಬಂಡೆ, ದಕ್ಷಿಣಕ್ಕೆ ರಣಮಂಡಲ.

ಮೂರು ವಾರಗಳ ಕಾಲ ತೋಪುಗಳು ಗೋಡೆಯನ್ನು ಬಡಿದರೂ ಒಳನುಗ್ಗುವಷ್ಟು ದಾರಿಯಾಗಲಿಲ್ಲ. ನೇರಗುಂಡಿನ ತೋಪಿನ ಮಿತಿ ಇಲ್ಲಿ ಕಾಣುತ್ತದೆ. ಕೊನೆಗೆ ಮೇ 20ರಂದು ಏಣಿಗಳನ್ನು ಹಿಡಿದು ದಾಳಿಯಿಟ್ಟರು. ಕಂದಕದಲ್ಲಿಯೂ ಅದರ ಅಂಚಿನಲ್ಲಿಯೂ ಕೋಟೆಯವರು ಸಣ್ಣ ಸಣ್ಣ ಕುಳಿಗಳಲ್ಲಿ ಮದ್ದು ಹೂತಿದ್ದರು. ದಾಳಿಯವರ ಕಾಲಡಿಯಲ್ಲಿ ಅವು ಸಿಡಿದವು. ಆದರೂ ಜನಬಲದಿಂದ ಪಟ್ಟಣ ಕೈಸೇರಿತು. ಕಾವಲಿನವರು ಬೆಟ್ಟದ ಕೋಟೆಗಳಿಗೆ ಏರಿದರು. ಬೆನ್ನಟ್ಟಿ ಹೋದವರ ಮೇಲೆ ದೊಡ್ಡ ಬಂಡೆಗಳನ್ನು ಉರುಳಿಸಿದರು, ಬಂದೂಕು ಹಾರಿಸಿದರು. ಮೇಲಿನಿಂದ ಬಂಡೆ, ಕೆಳಗಿನಿಂದ ಮದ್ದು: ಪುಲಕೇಶಿ ಹೇಳಿದ ಎರಡು ದಿಕ್ಕುಗಳೂ 1243 ವರ್ಷಗಳ ನಂತರ ಇನ್ನೂ ಕೋಟೆಯವರ ಕೈಯಲ್ಲಿದ್ದವು. ಮರುದಿನ ಅವರು ಶರಣಾದದ್ದಕ್ಕೆ ಕಾರಣ ತೋಪಲ್ಲ. ಕೆರೆ ಶತ್ರುವಿನ ಕೈಗೆ ಹೋಗಿತ್ತು. ಮೇ ತಿಂಗಳ ಬಾದಾಮಿಯ ಬಿಸಿಲಿನಲ್ಲಿ ಕುಡಿಯುವ ನೀರಿಲ್ಲದೆ ಬಂಡೆಯ ಮೇಲೆ ಎಷ್ಟು ದಿನ ಕುಳಿತಾರು? ಪ್ರಾಣಕ್ಕೆ ಅಭಯ ಪಡೆದು ಇಳಿದು ಬಂದರು.

ಅಂದರೆ ಮದ್ದಿನ ಯುಗ ಬಂದು ಮುನ್ನೂರು ವರ್ಷಗಳಾದರೂ ಬಾದಾಮಿಯ ಬಂಡೆ ತೋಪಿಗೆ ಸೋತಿರಲಿಲ್ಲ.

ಶ್ರೀರಂಗಪಟ್ಟಣ, 1799

ಹಾಗಾದರೆ ಮೇಲಿನಿಂದ ಬರುವ ಬೆಂಕಿಯ ಅರಿವು ಟಿಪ್ಪುವಿಗೆ ಇರಲಿಲ್ಲವೇ? ಚೆನ್ನಾಗಿ ಇತ್ತು. ಕುಳಿತ ಹುಲಿಯ ಆಕಾರದಲ್ಲಿ ಎರಕ ಹೊಯ್ಸಿದ ಅವನ ಕಂಚಿನ ಮಾರ್ಟರ್‌ಗಳು ಇಂದಿಗೂ ಉಳಿದಿವೆ. ಅವನ ಕೀರ್ತಿ ಹರಡಿದ್ದಾದರೋ ಬಾಣಗಳಿಂದ, ಅಂದರೆ ರಾಕೆಟ್ಟುಗಳಿಂದ. ಮದ್ದನ್ನು ಕಾಗದದ ಬದಲು ಕಬ್ಬಿಣದ ಕೊಳವೆಯಲ್ಲಿ ಬಿಗಿದು ತುಂಬಿದ್ದೇ ಮೈಸೂರಿನವರ ಜಾಣ್ಮೆ. ಕಬ್ಬಿಣ ಹೆಚ್ಚು ಒತ್ತಡವನ್ನು ತಾಳುತ್ತದೆ. ಆದುದರಿಂದ ಬಾಣ ಹೆಚ್ಚು ದೂರ ಹೋಗುತ್ತದೆ. ಇವುಗಳನ್ನು ನೋಡಿದ ನಂತರವೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಎಂಬವನು 1804ರ ಸುಮಾರಿಗೆ ತನ್ನ ರಾಕೆಟ್ಟುಗಳ ಪ್ರಯೋಗಕ್ಕೆ ತೊಡಗಿದನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರ ಮಣ್ಣಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಬಾಣಗಳ ಕೊಳವೆಗಳು ದೊರೆತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಇಲ್ಲಿಯೂ ಹೊಸತನ ಇದ್ದದ್ದು ಹಾರಿಸುವ ಯಂತ್ರದಲ್ಲಲ್ಲ, ಹಾರುವ ವಸ್ತುವಿನಲ್ಲಿ.

ಆದರೆ ಮದ್ದಿಗೆ ಒಡೆಯನೆಂಬುವನಿಲ್ಲ. 1799ರ ಮೇ 2ರಂದು ಇಂಗ್ಲಿಷರ ಗುಂಡೊಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಣಗಳ ದಾಸ್ತಾನಿಗೆ ತಾಗಿ ಅದು ಭಯಂಕರವಾಗಿ ಸಿಡಿಯಿತು. ಎರಡು ದಿನಗಳ ನಂತರ, ಮೇ 4ರಂದು, ಕೋಟೆಯೂ ಬಿತ್ತು, ಟಿಪ್ಪುವೂ ಬಿದ್ದನು. ಕೋಟೆಯಲ್ಲಿ ಇಂಗ್ಲಿಷರಿಗೆ ಸಿಕ್ಕ ತೋಪುಗಳು 900ಕ್ಕೂ ಹೆಚ್ಚು. ಕೋಟೆಯೊಳಗೆ ಮದ್ದಿನ ಮನೆ ಎಷ್ಟು ದೊಡ್ಡದೋ, ಹೊರಗಿನಿಂದ ಬರುವ ಗುಂಡಿಗೆ ಅಷ್ಟು ದೊಡ್ಡ ಗುರಿ. ರಕ್ಷಣೆಗೆಂದು ಕೂಡಿಟ್ಟದ್ದೇ ನಾಶಕ್ಕೆ ಹಾದಿಯಾಗುವುದು ಈ ಯುಗದ ಕೋಟೆಗಳ ದುರ್ದೈವ.

1818 ಮತ್ತು ಅದರ ಮುಂದೆ

ಬಾದಾಮಿಯ ಸರದಿ ಬಂದದ್ದು 1818ರ ಫೆಬ್ರವರಿಯಲ್ಲಿ. ಥಾಮಸ್ ಮನ್ರೋ ಗದಗ, ಹುಬ್ಬಳ್ಳಿಗಳನ್ನು ಹಿಡಿದು ಬಾದಾಮಿಗೆ ಬಂದನು. 1786ರಲ್ಲಿ ಮೂರು ವಾರಗಳಲ್ಲಿ ಆಗದ ಕೆಲಸ ಈಗ ಕೆಲವೇ ದಿನಗಳಲ್ಲಿ ಆಯಿತು. ಪಟ್ಟಣದ ಗೋಡೆಯಲ್ಲಿ ಕಂಡಿ ಬಿತ್ತು, ಸೈನಿಕರು ನುಗ್ಗಿದರು, ಬೆಟ್ಟದ ಮೇಲಿನ ಕೋಟೆಗಳವರು ಹೆಚ್ಚು ಹೊತ್ತು ಕಾದಾಡದೆ ಶರಣಾದರು. ಅದೇ ತಿಂಗಳಲ್ಲಿ ಬಾಗಲಕೋಟೆಯೂ ಕೈಸೇರಿತು. ಇಲ್ಲಿ ತೋಪಿನದು ಮಾತ್ರ ಪ್ರತಾಪವೆಂದರೆ ತಪ್ಪಾದೀತು. ಪೇಶ್ವೆ ಬಾಜೀರಾಯನು ಊರಿಂದೂರಿಗೆ ಓಡುತ್ತಿದ್ದನು; ಕೋಟೆಯವರಿಗೆ ಹೊರಗಿನಿಂದ ನೆರವು ಬರುವ ಆಸೆ ಇರಲಿಲ್ಲ. ಕಾಯುವವರ ಮನಸ್ಸು ಸೋತ ಮೇಲೆ ಬಂಡೆ ಏನು ಮಾಡೀತು?

ಆದರೂ ಆ ಕಾಲಕ್ಕೆ ಒಂದು ದೊಡ್ಡ ಬದಲಾವಣೆ ಆಗಿಹೋಗಿತ್ತೆಂಬುದು ನಿಜ. ಕಂಪನಿಯ ಮುತ್ತಿಗೆಯ ಸಾಮಗ್ರಿಯಲ್ಲಿ ಗೋಡೆ ಒಡೆಯುವ ತೋಪು, ಗೋಡೆ ದಾಟಿಸುವ ಮಾರ್ಟರ್, ಎರಡರ ನಡುವಿನ ಹೋವಿಟ್ಜರ್, ಈ ಮೂರೂ ಜೊತೆಯಾಗಿ ಸಾಗುವುದು ವಾಡಿಕೆಯಾಗಿತ್ತು. ಐದೂವರೆ, ಎಂಟು, ಹತ್ತು ಅಂಗುಲ ಎಂದು ಗೊತ್ತಾದ ಅಳತೆಯ ಮಾರ್ಟರುಗಳು; ಅವಕ್ಕೆ ತಕ್ಕ ಒಂದೇ ಅಳತೆಯ ಗುಂಡುಗಳು. ನಮ್ಮ ಅರಸರ ತೋಪುಗಳು ಒಂದೊಂದೂ ಒಂದೊಂದು ಅಳತೆಯವು, ಒಂದೊಂದಕ್ಕೂ ಒಂದೊಂದು ಹೆಸರು. ಒಂದರ ಗುಂಡು ಇನ್ನೊಂದಕ್ಕೆ ಸಲ್ಲದು. ಹೆಸರಿಲ್ಲದ ಆದರೆ ಅಳತೆ ತಪ್ಪದ ತೋಪು, ಹೆಸರುಳ್ಳ ಮಹಾತೋಪನ್ನು ಗೆದ್ದಿತು.

ನಮ್ಮ ಹಳ್ಳಿಗಳ ಹುಡೇವುಗಳನ್ನು ನೀವು ಬಲ್ಲಿರಿ. ಹುನಗುಂದ, ಬಾಗಲಕೋಟೆ ತಾಲೂಕುಗಳ ಅನೇಕ ಊರುಗಳಲ್ಲಿ ಕಲ್ಲುಮಣ್ಣಿನ ಆ ದುಂಡನೆಯ ಕೊತ್ತಲಗಳ ಅವಶೇಷ ಇನ್ನೂ ಇವೆ. ಪೆಂಢಾರಿಗಳ ಹಾವಳಿಯ ಕಾಲದಲ್ಲಿ ಊರ ಜನ ಕಾಳುಕಡಿ, ಹೆಂಗಸರು, ಮಕ್ಕಳನ್ನು ಒಳಗೆ ಸೇರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದುದು ಇಂಥ ಗೋಡೆಗಳನ್ನು ನಂಬಿಯೇ. ಕುದುರೆಯಿಂದ, ಕತ್ತಿಯಿಂದ, ಬಂದೂಕಿನಿಂದ ಹುಡೇವು ಕಾಪಾಡುತ್ತಿತ್ತು. ಮೇಲಿನಿಂದ ಬಿದ್ದು ಸಿಡಿಯುವ ಗುಂಡಿನ ಮುಂದೆ, ಜನ ಒಂದೆಡೆ ಸೇರಿದಷ್ಟೂ ಸಾವು ಹೆಚ್ಚು. ಆದುದರಿಂದ ಕೋಟೆಯ ಕಾಲ ಮುಗಿದದ್ದೆಂದರೆ ಅರಸರ ಗರ್ವ ಮುಗಿದದ್ದಷ್ಟೇ ಅಲ್ಲ. ಸಾಮಾನ್ಯ ಕುಟುಂಬವೊಂದು ಗೋಡೆಯ ಹಿಂದೆ ಕುಳಿತು ‘ಇನ್ನು ಭಯವಿಲ್ಲ’ ಎಂದುಕೊಳ್ಳುವ ಕಾಲವೂ ಮುಗಿಯಿತು.

ಹೊತ್ತು ಒಯ್ಯುವ ತೋಪು

ಕೋಟೆಗಳು ಬರಿದಾದ ಮೇಲೆ ಮಾರ್ಟರಿನ ಕೆಲಸವೂ ಮುಗಿದಂತೆ ತೋರಿತು. ಆದರೆ 1904–05ರಲ್ಲಿ ರಷ್ಯ ಮತ್ತು ಜಪಾನುಗಳು ಪೋರ್ಟ್ ಆರ್ಥರ್‌ನಲ್ಲಿ ಕಾದಾಡಿದಾಗ ಸೈನಿಕರು ಕಂದಕಗಳಲ್ಲಿ ಇಳಿದು ಕುಳಿತರು. ಹತ್ತಿರದ ಕಂದಕದೊಳಗೆ ಗುಂಡು ಇಳಿಸಲು ರಷ್ಯನರು ಅಲ್ಲಿಯೇ ಮಾರ್ಟರುಗಳನ್ನು ಹೊಂದಿಸಿಕೊಂಡರು. ಜರ್ಮನರು ಅದರಿಂದ ಪಾಠ ಕಲಿತು, 1914ರ ಮಹಾಯುದ್ಧಕ್ಕೆ ಸಿದ್ಧರಾಗಿಯೇ ಬಂದರು.

ಆ ಮಹಾಯುದ್ಧದಲ್ಲಿ ನಮ್ಮ ಭಾಗಕ್ಕೆ ಹತ್ತಿರದ ಒಂದು ಕಥೆಯಿದೆ. ಇಂದು ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿರುವ ಮರಾಠಾ ಲಘು ಪದಾತಿ ದಳದ ಪೂರ್ವಜ ಪಲ್ಟನ್ನುಗಳಾದ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಇರಾಕಿನ ಕೂತ್ ಎಂಬ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಆ ಮುತ್ತಿಗೆ ನಡೆಯಿತು. ಒಳಗಿದ್ದವರಲ್ಲಿ ಮಾರ್ಟರ್ ಇರಲಿಲ್ಲ. ಕೆಟ್ಟ ವಿಮಾನದ ಎಂಜಿನ್ನಿನ ಸಿಲಿಂಡರನ್ನೇ ಕೊಳವೆಯಾಗಿ ಮಾಡಿಕೊಂಡು ಗುಂಡು ಹಾರಿಸಿದರು. ಬಾದಾಮಿಯವರಂತೆ ಇವರನ್ನೂ ಸೋಲಿಸಿದ್ದು ತೋಪಲ್ಲ. ಅಲ್ಲಿ ನೀರಡಿಕೆ, ಇಲ್ಲಿ ಹಸಿವು.

1915ರಲ್ಲಿ ಇಂಗ್ಲೆಂಡಿನ ವಿಲ್‌ಫ್ರೆಡ್ ಸ್ಟೋಕ್ಸ್ ಎಂಬ ಇಂಜಿನಿಯರ್ ಇಂದಿನ ಎಲ್ಲ ಮಾರ್ಟರುಗಳ ತಂದೆಯೆನ್ನಬಹುದಾದ ಆಯುಧವನ್ನು ರೂಪಿಸಿದನು. ಒಂದು ನುಣುಪಾದ ಉಕ್ಕಿನ ಕೊಳವೆ, ಕೆಳಗೆ ನೆಲಕ್ಕೆ ಊರುವ ತಟ್ಟೆ, ಮುಂದೆ ಎರಡು ಕಾಲಿನ ಆಸರೆ, ಮತ್ತೇನೂ ಇಲ್ಲ. ಎಲ್ಲ ಸೇರಿ ಐವತ್ತು ಕಿಲೋಗಿಂತ ಕಡಿಮೆ. ಜಾಣ್ಮೆಯೆಲ್ಲ ಗುಂಡಿನಲ್ಲಿ. ಹಾರಿಸುವ ಮದ್ದು ಗುಂಡಿನ ಬುಡದಲ್ಲಿಯೇ ಇರುತ್ತದೆ. ಒಳ್ಳಿನಲ್ಲಿ ಒನಕೆ ಬಿಟ್ಟಂತೆ ಗುಂಡನ್ನು ಕೊಳವೆಯ ಬಾಯಿಯಿಂದ ಒಳಗೆ ಬಿಟ್ಟರೆ ಸಾಕು. ಅದು ಜಾರಿ ತಳದ ಮೊಳೆಗೆ ಬಡಿದೊಡನೆ ಹೊತ್ತಿಕೊಂಡು ತಾನೇ ಮೇಲೆ ಹಾರುತ್ತದೆ. ಪಳಗಿದ ತಂಡ ನಿಮಿಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಗುಂಡು ಹಾರಿಸಬಲ್ಲದು. ಮೊದಲ ಗುಂಡುಗಳು ಗಾಳಿಯಲ್ಲಿ ಉರುಳುತ್ತ ಹೋಗುತ್ತಿದ್ದವು. ಮುಂದೆ ಫ್ರಾನ್ಸಿನ ಬ್ರಾಂಡ್ಟ್ ಎಂಬವನು ನೀರಹನಿಯ ಆಕಾರವನ್ನೂ ಬಾಲಕ್ಕೆ ರೆಕ್ಕೆಗಳನ್ನೂ ಕೊಟ್ಟ ಮೇಲೆ ಗುರಿ ನೆಟ್ಟಗಾಯಿತು. ದೂರ ಹೆಚ್ಚಬೇಕಾದರೆ ಬಾಲಕ್ಕೆ ಇನ್ನಷ್ಟು ಮದ್ದಿನ ಕಟ್ಟುಗಳನ್ನು ಕೂಡಿಸುತ್ತಾರೆ.

ನಮ್ಮ ಸೈನ್ಯದ ಪದಾತಿ ಪಲ್ಟನ್ನಿನ ಮುಖ್ಯ ಮಾರ್ಟರ್ 81 ಮಿಲಿಮೀಟರಿನದು. ಅದರ ಗುಂಡು ಸುಮಾರು ಐದು ಕಿಲೋಮೀಟರ್ ಹೋಗುತ್ತದೆ. ಇದಕ್ಕಿಂತ ಸಣ್ಣದು 51 ಮಿಲಿಮೀಟರಿನದು, ದೊಡ್ಡದು 120 ಮಿಲಿಮೀಟರಿನದು. 1999ರ ಕಾರ್ಗಿಲ್ ಯುದ್ಧದಲ್ಲಿ ಬೆಟ್ಟದ ತುದಿಯ ಹಿಂದೆ ಅಡಗಿದವರನ್ನು ಮುಟ್ಟಲು ಎತ್ತರದ ಕೋನದಲ್ಲಿ ಹಾರಿಸುವ ತೋಪುಗಳೇ ಬೇಕಾದವು. ಹರಿಪಂತ ಫಡಕೆ ಬಾದಾಮಿಯ ಕೆಳಗೆ ನಿಂತು ಎದುರಿಸಿದ ಸಮಸ್ಯೆಯೇ ಇದು. ಎತ್ತರದಲ್ಲಿರುವವನಿಗೆ ಬಂಡೆಯ ಆಸರೆ. ಕೆಳಗಿರುವವನಿಗೆ ಆಕಾಶವೊಂದೇ ದಾರಿ.

ಕಾಣದವನು ಕಾಣದವನ ಮೇಲೆ

ಕೊನೆಯದಾಗಿ ಒಂದು ಮಾತು. ರಕ್ಕಸಗಿ-ತಂಗಡಗಿಯಲ್ಲಿ ಕಾಸಿನ ಚೀಲ ಹಾರಿಸಿದವನಿಗೆ ತಾನು ಯಾರನ್ನು ಕೊಲ್ಲುತ್ತಿದ್ದೇನೆಂಬುದು ಕಣ್ಣೆದುರಿಗೇ ಇತ್ತು. ಬಾದಾಮಿಯಲ್ಲಿ ಬಂಡೆ ಉರುಳಿಸಿದವನೂ ಕೆಳಗಿನವನ ಮುಖವನ್ನು ಕಂಡಿರಬಹುದು. ಮಾರ್ಟರ್ ಹಾರಿಸುವವನಿಗೆ ಗುರಿ ಕಾಣುವುದಿಲ್ಲ. ಅವನು ಗುಡ್ಡದ ಈಚೆ ಇರುತ್ತಾನೆ. ದೂರದಲ್ಲಿ ಕುಳಿತ ಇನ್ನೊಬ್ಬ ನೋಡಿ, ರೇಡಿಯೋದಲ್ಲಿ ಅಂಕಿಗಳನ್ನು ಹೇಳುತ್ತಾನೆ. ಕೋನ, ದೂರ, ಮದ್ದಿನ ಪ್ರಮಾಣ, ನಾವು ತರಗತಿಯಲ್ಲಿ ಕಲಿಸುವ ತ್ರಿಕೋನಮಿತಿಯೇ ಅಲ್ಲಿ ಕೆಲಸ ಮಾಡುತ್ತದೆ. ಹೊಡೆಯುವವನು ಕಾಣದವನು, ಹೊಡೆಸಿಕೊಳ್ಳುವವನೂ ಕಾಣದವನು. ಆದುದರಿಂದಲೇ ಅಂಕಿ ಹೇಳುವವನ ಮೇಲೆ, ಅದನ್ನು ಕೇಳಿ ಕೋನ ಹಿಡಿಯುವವನ ಮೇಲೆ ಇರುವ ಹೊಣೆ ಬಹು ದೊಡ್ಡದು. ಒಂದು ಅಂಕಿ ತಪ್ಪಿದರೆ ಗುಂಡು ಸೈನಿಕನ ಕಂದಕದ ಬದಲು ಶಾಲೆಯ ಮಾಡಿನ ಮೇಲೆ ಬಿದ್ದೀತು. 2025ರ ಮೇ ತಿಂಗಳಲ್ಲಿ ಜಮ್ಮುವಿನ ಪೂಂಛ್ ಪಟ್ಟಣದ ಮೇಲೆ ಗಡಿಯಾಚೆಯಿಂದ ಗುಂಡಿನ ಮಳೆ ಸುರಿದಾಗ ಸತ್ತವರಲ್ಲಿ ಮಕ್ಕಳೂ ಇದ್ದರು. ಗಡಿಯ ಹಳ್ಳಿಗಳಲ್ಲಿ ಈಗ ಜನರ ರಕ್ಷಣೆಗೆ ಕಟ್ಟುವುದು ಎತ್ತರದ ಗೋಡೆಯನ್ನಲ್ಲ, ನೆಲದಡಿಯ ಬಂಕರುಗಳನ್ನು. ಮೇಲಕ್ಕೆ ಕಟ್ಟುತ್ತಿದ್ದ ಮನುಷ್ಯ ಈಗ ಕೆಳಕ್ಕೆ ತೋಡುತ್ತಿದ್ದಾನೆ.

ಇನ್ನೊಮ್ಮೆ ಬಾದಾಮಿಗೆ ಹೋದಾಗ ಗುಹೆಗಳನ್ನಷ್ಟೇ ನೋಡಿ ಮರಳಬೇಡಿರಿ. ವಸ್ತುಸಂಗ್ರಹಾಲಯದ ಪಕ್ಕದ ಮೆಟ್ಟಿಲುಗಳನ್ನು ಹತ್ತಿ ಉತ್ತರದ ಬೆಟ್ಟಕ್ಕೆ ಹೋಗಿರಿ. ಧಾನ್ಯ ಕೂಡಿಡುತ್ತಿದ್ದ ದುಂಡನೆಯ ಕಣಜಗಳ ಬಳಿ ನಿಂತು ಮಕ್ಕಳಿಗೆ ಒಂದು ಪ್ರಶ್ನೆ ಹಾಕಿರಿ: ಈ ಕೋಟೆಯನ್ನು ಕಟ್ಟಿದವರು ಯಾವ ದಿಕ್ಕಿನ ಶತ್ರುವಿಗೆ ಹೆದರಿದ್ದರು? ಉತ್ತರ ಹುಡುಕುತ್ತ ಅವರು ಮೊದಲು ಕೆಳಗೆ ನೋಡುತ್ತಾರೆ. ಆಮೇಲೆ ಮೇಲೆ ನೋಡಲು ಹೇಳಿರಿ. ಇತಿಹಾಸದ ಒಂದು ಪಾಠ ಅಲ್ಲಿಯೇ ಮುಗಿಯುತ್ತದೆ.

ನಿಮ್ಮ ಊರಿನ ಹುಡೇವು, ಕೋಟೆ, ಹಳೆಯ ತೋಪುಗಳ ವಿಷಯ ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿರಿ.